ಮೃತ ದಾನಿಯ ಲಿವರ್ ಕಸಿ: ಹೆಸರು ಬರೆಸುವುದರಿಂದ ಮನೆಗೆ ಮರಳುವವರೆಗೆ

"ಡಾಕ್ಟರು ಲಿವರ್ ಬದಲಾಯಿಸಬೇಕು ಅಂದಿದ್ದಾರೆ. ಮನೆಯಲ್ಲಿ ಕೊಡೋಕೆ ಯಾರೂ ಇಲ್ಲ. ಈಗೇನು ಮಾಡೋದು?" ಈ ಪ್ರಶ್ನೆ ಹೊತ್ತ ಫೋನು ನನಗೆ ಆಗಾಗ ಬರುತ್ತಲೇ ಇರುತ್ತದೆ. ನನ್ನ ಅಣ್ಣನಿಗೆ ಮೃತ ದಾನಿಯೊಬ್ಬರ ಲಿವರ್ ಕಸಿ ಆಗಿದೆ. ಹೆಸರು ಬರೆಸಿದ ದಿನದಿಂದ ಕೊನೆಯ ಹೊಲಿಗೆ ಬಿಚ್ಚುವವರೆಗೆ ಜೊತೆಗಿದ್ದವಳು ನಾನು. ನಾನು ವೈದ್ಯಳಲ್ಲ. ಔಷಧ, ಅದರ ಪ್ರಮಾಣ, ಕಸಿ ಬೇಕೋ ಬೇಡವೋ ಎನ್ನುವುದೆಲ್ಲ ನಿಮ್ಮ ವೈದ್ಯರ ತೀರ್ಮಾನ. ಆದರೆ ಆಸ್ಪತ್ರೆಯ ಕೋಣೆಯ ಹೊರಗೆ ಮನೆಯವರು ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ತಿಳಿಯದೆ ಅವಕಾಶ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಮೃತ ದಾನಿ ಎಂದರೆ ಯಾರು?

ಮನೆಯಲ್ಲಿ ಹೃದಯ ನಿಂತು ತೀರಿಕೊಂಡವರ ಕಣ್ಣುಗಳನ್ನು ಕೆಲವು ಗಂಟೆಗಳೊಳಗೆ ದಾನ ಮಾಡಬಹುದು. ಲಿವರ್‌ನ ವಿಷಯ ಹಾಗಲ್ಲ. ರಕ್ತದ ಹರಿವು ನಿಂತ ಕೆಲವೇ ನಿಮಿಷಗಳಲ್ಲಿ ಅದು ಕೆಡಲು ತೊಡಗುತ್ತದೆ. ಆದ್ದರಿಂದ ನಮ್ಮಲ್ಲಿ ಲಿವರ್ ಸಿಗುವುದು ಬಹುತೇಕ ಮಿದುಳು ನಿಷ್ಕ್ರಿಯಗೊಂಡವರಿಂದ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವ ಆದವರು ಹೀಗೆ ದಾನಿಗಳಾಗುತ್ತಾರೆ. ವೆಂಟಿಲೇಟರ್ ನೆರವಿನಿಂದ ಅವರ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಹೃದಯ ಬಡಿಯುತ್ತಿರುತ್ತದೆ. ಆದರೆ ಮಿದುಳಿನ ಕಾಂಡ ಸತ್ತಿರುತ್ತದೆ, ಅದು ಮತ್ತೆ ಜೀವ ತಳೆಯುವುದಿಲ್ಲ. ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿರುವವರು ಎಚ್ಚರಗೊಳ್ಳಬಹುದು. ಮಿದುಳು ನಿಷ್ಕ್ರಿಯಗೊಂಡವರನ್ನು 1994ರ ಅಂಗಾಂಗ ಕಸಿ ಕಾಯ್ದೆ ಮೃತರೆಂದೇ ಗುರುತಿಸುತ್ತದೆ.

ಇದನ್ನು ಒಬ್ಬ ವೈದ್ಯರು ಘೋಷಿಸುವಂತಿಲ್ಲ. ನಾಲ್ವರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಕಸಿ ಮಾಡುವ ತಂಡದ ಯಾರೂ ಆ ನಾಲ್ವರಲ್ಲಿ ಇರುವಂತಿಲ್ಲ. ಪರೀಕ್ಷೆಗಳಲ್ಲೊಂದು ಉಸಿರಿನದು: ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲಾದರೂ ಎದೆ ಒಮ್ಮೆ ತಾನಾಗಿ ಎದ್ದೀತೇ ಎಂದು ನೋಡುತ್ತಾರೆ. ಒಂದು ಉಸಿರು ಬಂದರೂ ಅವರು ದಾನಿಯಲ್ಲ, ರೋಗಿ.

ಇದನ್ನು ಮೊದಲೇ ಹೇಳಲು ಕಾರಣವಿದೆ. "ಬದುಕಿದ್ದವರ ಅಂಗ ತೆಗೆದು ನಮಗೆ ಹಾಕುತ್ತಾರೇನೋ" ಎಂಬ ಅಳುಕಿನಿಂದಲೇ ಹೆಸರು ಬರೆಸದ ರೋಗಿಗಳಿದ್ದಾರೆ. ಆ ಅಳುಕು ಬೇಡ.

ಹಂತ 1: ಸರಿಯಾದ ಹೊತ್ತಿನಲ್ಲಿ ಪ್ರಶ್ನೆ ಕೇಳಿ

ಸಿರೋಸಿಸ್ ಎಂದರೆ ಲಿವರ್ ತುಂಬ ಗಾಯದ ಕಲೆ ಬೆಳೆದು ಗಟ್ಟಿಯಾಗುವುದು. ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಬರುವ ಫ್ಯಾಟಿ ಲಿವರ್ ಇದಕ್ಕೆ ಮುಖ್ಯ ಕಾರಣಗಳು. ಸಿರೋಸಿಸ್ ಇರುವವರಿಗೆಲ್ಲ ಕಸಿ ಬೇಕಿಲ್ಲ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದರೆ, ರಕ್ತ ವಾಂತಿಯಾದರೆ, ಹಗಲು ರಾತ್ರಿ ಗೊತ್ತಾಗದಷ್ಟು ಮಂಕು ಕವಿದರೆ, ಇವುಗಳಲ್ಲಿ ಒಂದು ಕಂಡರೂ ಆ ಭೇಟಿಯಲ್ಲೇ ಕೇಳಿ: "ಡಾಕ್ಟ್ರೇ, ಇವರನ್ನು ಕಸಿ ತಂಡಕ್ಕೆ ತೋರಿಸಬೇಕಾ?"

ಜೊತೆಗೆ ಮೆಲ್ಡ್ ಅಂಕ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ರಕ್ತದ ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಪರೀಕ್ಷೆ), ಈಗೀಗ ಸೋಡಿಯಂ ಕೂಡ ಸೇರಿಸಿ ಲೆಕ್ಕ ಹಾಕುವ ಸಂಖ್ಯೆ ಇದು. 6ರಿಂದ 40ರವರೆಗೆ ಇರುತ್ತದೆ, ಹೆಚ್ಚಿದಷ್ಟೂ ಅಪಾಯ ಹೆಚ್ಚು. ಸಾಮಾನ್ಯವಾಗಿ 15 ದಾಟಿದರೆ ಕಸಿಯ ಮಾತು ಗಂಭೀರವಾಗುತ್ತದೆ. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಅಂಕಕ್ಕಿಂತ ಗಡ್ಡೆಯ ಅಳತೆಯೇ ಮುಖ್ಯ: 5 ಸೆಂಟಿಮೀಟರ್ ಒಳಗಿನ ಒಂದು, ಅಥವಾ 3 ಸೆಂಟಿಮೀಟರ್ ಮೀರದ ಮೂರರವರೆಗೆ, ರಕ್ತನಾಳಕ್ಕೆ ಹಬ್ಬಿರಬಾರದು. ಇದು ಬಹುಕಾಲದಿಂದ ಬಂದಿರುವ ಅಳತೆಗೋಲು. ಕೆಲವು ಕೇಂದ್ರಗಳು ಇದನ್ನು ಸ್ವಲ್ಪ ಸಡಿಲಿಸುತ್ತವೆ.

ಇಲ್ಲಿ ಆಗುವ ತಪ್ಪು ಒಂದೇ, ತಡ ಮಾಡುವುದು. ನಾಟಿ ಔಷಧಿ ಮುಗಿಯಲಿ, ಹಬ್ಬ ಕಳೆಯಲಿ, ಮಗಳ ಮದುವೆ ಆಗಲಿ ಎನ್ನುತ್ತ ಐಸಿಯುಗೆ ಸೇರಿದ ಮೇಲೆ ಹೆಸರು ಬರೆಸಲು ಓಡುತ್ತಾರೆ. ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿರುತ್ತದೆ, ಸೋಂಕು ಸೇರಿರುತ್ತದೆ. ಲಿವರ್ ಸಿಕ್ಕರೂ ಹಾಕಿಸಿಕೊಳ್ಳುವ ತ್ರಾಣ ಇರುವುದಿಲ್ಲ.

ಹಂತ 2: ಆಸ್ಪತ್ರೆ ಆರಿಸಿಕೊಳ್ಳಿ

ಹೆಸರು ಬರೆಸುವುದು ಸರ್ಕಾರಿ ಕಚೇರಿಗೆ ನೇರವಾಗಿ ಹೋಗಿ ಅಲ್ಲ. ಲಿವರ್ ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಮೂಲಕ. ಕರ್ನಾಟಕದಲ್ಲಿ ಈ ಪಟ್ಟಿಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಜೀವಸಾರ್ಥಕತೆ. ಅದರ ಮೇಲೆ ದಕ್ಷಿಣ ವಲಯಕ್ಕೆ ಚೆನ್ನೈನಲ್ಲಿ ರೊಟ್ಟೊ, ದೇಶಕ್ಕೆಲ್ಲ ದೆಹಲಿಯಲ್ಲಿ ನೊಟ್ಟೊ ಇವೆ. ಅಂಗ ಮೊದಲು ರಾಜ್ಯದೊಳಗೆ, ಇಲ್ಲಿ ಹೊಂದುವವರಿಲ್ಲದಿದ್ದರೆ ವಲಯಕ್ಕೆ, ಆಮೇಲೆ ದೇಶಕ್ಕೆ ಹೋಗುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲೂ ಈ ಚಿಕಿತ್ಸೆ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯಲ್ಲಿ ಲಿವರ್ ಕಸಿ ನಡೆಯುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಆಸ್ಪತ್ರೆಗೆ ಹೋದಾಗ ಕಸಿ ಸಂಯೋಜಕರನ್ನು ಕೇಳಿ ಭೇಟಿಯಾಗಿ. ಅವರನ್ನು ಎಲ್ಲರೂ ಕೋಆರ್ಡಿನೇಟರ್ ಎಂದೇ ಕರೆಯುತ್ತಾರೆ, ಮುಂದೆ ನಿಮ್ಮ ಒಡನಾಟವೆಲ್ಲ ಅವರ ಜೊತೆಗೇ. ಅವರಲ್ಲಿ ಹಿಂಜರಿಯದೆ ಕೇಳಿ: ಕಳೆದ ವರ್ಷ ಮೃತ ದಾನಿಗಳಿಂದ ಎಷ್ಟು ಕಸಿ ಮಾಡಿದ್ದೀರಿ? ಒಂದು ವರ್ಷದ ನಂತರ ಬದುಕಿರುವವರು ನೂರಕ್ಕೆ ಎಷ್ಟು? ನಮ್ಮ ರಕ್ತದ ಗುಂಪಿನಲ್ಲಿ ನಿಮ್ಮಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ? ಸರದಿ ಯಾವ ಲೆಕ್ಕದಲ್ಲಿ ಬರುತ್ತದೆ? ಒಳ್ಳೆಯ ತಂಡದವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅನುಭವಿ ಕೇಂದ್ರಗಳಲ್ಲಿ ಕಸಿಯಾದ ನೂರರಲ್ಲಿ 85ರಿಂದ 90 ಮಂದಿ ಮೊದಲ ವರ್ಷ ದಾಟುತ್ತಾರೆ.

ಹಂತ 3: ಪರೀಕ್ಷೆಗಳು, ನಂತರ ನೋಂದಣಿ

ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆ, ಲಿವರ್‌ನ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್, ಎಚ್‌ಐವಿ ಮತ್ತು ಹೆಪಟೈಟಿಸ್ ತಪಾಸಣೆ, ಕ್ಷಯ ಇದೆಯೇ ಎಂಬ ಪರೀಕ್ಷೆ, ಮಾನಸಿಕ ತಜ್ಞರ ಭೇಟಿ, ಹೀಗೆ ಕೆಲವು ದಿನ ಓಡಾಟವಿರುತ್ತದೆ. ದಂತವೈದ್ಯರನ್ನೂ ನೋಡಲು ಹೇಳುತ್ತಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹುಳುಕು ಹಲ್ಲಿನ ಕೀವು ಕಸಿಯ ನಂತರ ರಕ್ತಕ್ಕೆ ಇಳಿದರೆ ಜೀವಕ್ಕೇ ಕುತ್ತು. ಹೆಪಟೈಟಿಸ್ ಬಿ, ನ್ಯುಮೋನಿಯಾ, ಫ್ಲೂ ಲಸಿಕೆಗಳನ್ನೂ ಈ ಹಂತದಲ್ಲೇ ಕೇಳಿ ಹಾಕಿಸಿಕೊಳ್ಳಿ.

ಹೊಂದಾಣಿಕೆಯ ಬಗ್ಗೆ ದೊಡ್ಡ ಭಯವಿದೆ. ಕಿಡ್ನಿಗೆ ನೋಡುವಂತೆ ಲಿವರ್‌ಗೆ ಅಂಗಾಂಶ ಹೊಂದಾಣಿಕೆ ನೋಡುವುದಿಲ್ಲ. ರಕ್ತದ ಗುಂಪು ಮತ್ತು ದಾನಿಯ ದೇಹದ ಗಾತ್ರ ಹೊಂದಿದರೆ ಸಾಕು. ಪಾಸಿಟಿವ್, ನೆಗೆಟಿವ್ ಲೆಕ್ಕಕ್ಕೆ ಬರುವುದಿಲ್ಲ. ದಾನಿ ಗಂಡೋ ಹೆಣ್ಣೋ ಎನ್ನುವುದೂ ಅಡ್ಡಿಯಲ್ಲ.

ಮದ್ಯದಿಂದ ಲಿವರ್ ಹಾಳಾದವರಿಗೆ ಹೆಚ್ಚಿನ ಕೇಂದ್ರಗಳು ಆರು ತಿಂಗಳು ಕುಡಿತ ಬಿಟ್ಟಿರಬೇಕು ಎನ್ನುತ್ತವೆ. ದಯವಿಟ್ಟು ಸುಳ್ಳು ಹೇಳಬೇಡಿ. ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ, ರಕ್ತ ಮತ್ತು ಮೂತ್ರದ ಪರೀಕ್ಷೆ ಅದನ್ನು ಹೊರಹಾಕುತ್ತದೆ, ಹೆಸರು ಪಟ್ಟಿಯಿಂದ ಕೆಳಗಿಳಿಯುತ್ತದೆ. ಕುಡಿತ ಒಂದು ಕಾಯಿಲೆ. ಅದಕ್ಕೂ ಅಲ್ಲೇ ಚಿಕಿತ್ಸೆ ಇದೆ.

2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕೆಲವು ಬದಲಾವಣೆ ತಂದಿತು: ಯಾವ ರಾಜ್ಯದವರು ಯಾವ ರಾಜ್ಯದಲ್ಲಾದರೂ ಹೆಸರು ಬರೆಸಬಹುದು, ವಾಸದ ದಾಖಲೆ ಕೇಳುವಂತಿಲ್ಲ, 65 ವರ್ಷದ ಮೇಲ್ಮಿತಿ ಇಲ್ಲ, ನೋಂದಣಿಗೆ ರಾಜ್ಯಗಳು ಶುಲ್ಕ ಪಡೆಯಬಾರದು. ಆದರೆ ಎರಡು ಆಸ್ಪತ್ರೆಗಳಲ್ಲಿ ಒಟ್ಟಿಗೆ ಹೆಸರಿಡುವ ಜಾಣತನ ಬೇಡ. ಪ್ರತಿ ರೋಗಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೋಂದಣಿ ಆದ ಮೇಲೆ ಆ ಸಂಖ್ಯೆ ಕೇಳಿ ಪಡೆಯಿರಿ. "ಕೊಟ್ಟಿದ್ದೀವಿ, ಆಗಿರುತ್ತೆ" ಎಂದು ನಂಬಿ ಕೂತವರು ಎರಡು ತಿಂಗಳ ಮೇಲೆ ಅರ್ಜಿ ಅರ್ಧಕ್ಕೇ ನಿಂತಿರುವುದನ್ನು ಕಂಡಿದ್ದಾರೆ. ನಮಗೂ ಹಾಗೇ ಆಯಿತು, ರಕ್ತದ ಗುಂಪಿನ ಎರಡನೇ ವರದಿ ಸೇರಿಸಿರಲಿಲ್ಲ.

"ಹಣ ಕೊಟ್ಟರೆ ಮೇಲೆ ಹಾಕಿಸುತ್ತೇನೆ" ಎನ್ನುವವರು ಬಂದೇ ಬರುತ್ತಾರೆ. ಅಂಗದ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 4: ಹಣದ ಲೆಕ್ಕ

ಅಂಗಕ್ಕೆ ಬೆಲೆ ಇಲ್ಲ, ಚಿಕಿತ್ಸೆಗೆ ಇದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಒಟ್ಟು ಖರ್ಚು 20 ಲಕ್ಷದ ಆಸುಪಾಸಿಗೆ ಬರುತ್ತದೆ, ತೊಡಕಾದರೆ ಇನ್ನೂ ಏರುತ್ತದೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯದ ಅಂಗಾಂಗ ಕಸಿ ಯೋಜನೆ ಇದೆ. ಆರಂಭದಲ್ಲಿ ಲಿವರ್‌ಗೆ ನಿಗದಿಯಾದದ್ದು 12 ಲಕ್ಷ ರೂಪಾಯಿ, ಕಸಿಯ ನಂತರದ ಮಾತ್ರೆಗಳ ಹಣವೂ ಅದರಲ್ಲಿ ಸೇರಿತ್ತು. ಯಾವ ಆಸ್ಪತ್ರೆಗಳು ಯೋಜನೆಯಲ್ಲಿವೆ ಎಂದು ಆಸ್ಪತ್ರೆ ಆರಿಸುವ ಮುಂಚೆಯೇ ವಿಚಾರಿಸಿ. ಮುಖ್ಯಮಂತ್ರಿ ಪರಿಹಾರ ನಿಧಿ ಮತ್ತು ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಅಂದಾಜು ಪಟ್ಟಿ ಬೇಕಾಗುತ್ತದೆ. ಅದನ್ನು ನೋಂದಣಿಯ ದಿನವೇ ಬರೆಸಿಕೊಳ್ಳಿ.

ಎಲ್ಲರೂ ಶಸ್ತ್ರಚಿಕಿತ್ಸೆಯ ಹಣ ಹೊಂದಿಸುವುದರಲ್ಲೇ ಸುಸ್ತಾಗುತ್ತಾರೆ. ಅದರ ನಂತರದ ತಿಂಗಳುಗಳ ಮಾತ್ರೆ, ರಕ್ತಪರೀಕ್ಷೆ, ಆಸ್ಪತ್ರೆ ಹತ್ತಿರದ ಬಾಡಿಗೆ ಮನೆ ಇವುಗಳಿಗೆ ಬೇರೆಯೇ ಹಣ ತೆಗೆದಿಡಿ.

ಹಂತ 5: ಕಾಯುವ ತಿಂಗಳುಗಳು

ಕರ್ನಾಟಕ 2023ರಲ್ಲಿ 178 ಮೃತ ದಾನಿಗಳನ್ನು ಕಂಡಿತು, ದೇಶದಲ್ಲಿ ಎರಡನೇ ಸ್ಥಾನ. ಆದರೂ ಕಾಯುವವರ ಸಾಲು ಅದಕ್ಕಿಂತ ಬಹಳ ಉದ್ದ. ಯಾವಾಗ ಎಂದು ಯಾರೂ ಹೇಳಲಾರರು. ಈ ಅವಧಿಯಲ್ಲಿ ಮನೆಯವರ ಕೆಲಸ ರೋಗಿಯನ್ನು ಕಸಿಗೆ ಯೋಗ್ಯವಾಗಿ ಉಳಿಸಿಕೊಳ್ಳುವುದು. ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಇದಕ್ಕಿಂತ ಮುಖ್ಯವಾದ ಹಂತವಿಲ್ಲ.

ಊಟದಿಂದ ಶುರು ಮಾಡೋಣ. ನಮ್ಮಲ್ಲಿ ಕಾಮಾಲೆ ಎಂದೊಡನೆ ಪಥ್ಯ: ಗಂಜಿ, ಮಜ್ಜಿಗೆ ಅನ್ನ, ಎಣ್ಣೆ ಇಲ್ಲ, ಬೇಳೆ ಇಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. ಸಿರೋಸಿಸ್ ರೋಗಿಗೆ ಈ ಪಥ್ಯ ವಿಷ. ಹಾಳಾದ ಲಿವರ್ ಶಕ್ತಿ ಕೂಡಿಡಲಾರದು, ಹಸಿದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಹೊಟ್ಟೆ ದಪ್ಪಗೆ ಮುಂದೆ ಬಂದಿದ್ದು, ತೋಳು ತೊಡೆ ಕಡ್ಡಿಯಂತಾಗಿರುವ ರೋಗಿಯನ್ನು ನೀವು ನೋಡಿರುತ್ತೀರಿ. ತೂಕದ ಯಂತ್ರ ಅವರ ತೂಕ ಇಳಿದಿಲ್ಲ ಎನ್ನುತ್ತದೆ, ಆದರೆ ಅದು ನೀರಿನ ತೂಕ. ಬೇಳೆ, ಕಾಳು, ಮೊಟ್ಟೆಯ ಬಿಳಿ, ಪನೀರ್ ದಿನವೂ ಬೇಕು. ಮೂರು ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ರಾತ್ರಿ ಮಲಗುವ ಮುಂಚೆ ಒಂದು ಲೋಟ ರಾಗಿ ಗಂಜಿಯೋ ಎರಡು ಇಡ್ಲಿಯೋ ಹೊಟ್ಟೆಗೆ ಹೋಗಲೇಬೇಕು, ಇಡೀ ರಾತ್ರಿಯ ಉಪವಾಸವೇ ಸ್ನಾಯುವನ್ನು ತಿನ್ನುವುದು. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಊಟದ ಎಲೆಯ ಹತ್ತಿರಕ್ಕೂ ಬರಬಾರದು. ಉಪವಾಸದ ವ್ರತಗಳನ್ನು ರೋಗಿಯ ಹೆಸರಿನಲ್ಲಿ ನೀವು ಮಾಡಿ, ಅವರಿಂದ ಮಾಡಿಸಬೇಡಿ.

ಎರಡನೆಯದು ಮಂಕು. ಲಿವರ್ ಶೋಧಿಸದೆ ಬಿಟ್ಟ ಅಮೋನಿಯಾ ಮುಂತಾದವು ಮಿದುಳಿಗೆ ಏರಿದಾಗ ಹೀಗಾಗುತ್ತದೆ. ಮೊದಲ ಸೂಚನೆ ತೀರಾ ಸಣ್ಣದು. ನಾವು ಒಂದು ನೋಟ್‌ಬುಕ್ ಇಟ್ಟು ಅಣ್ಣನ ಕೈಲಿ ದಿನಾ ಬೆಳಿಗ್ಗೆ ಸಹಿ ಹಾಕಿಸುತ್ತಿದ್ದೆವು. ಒಂದು ದಿನ ಅವನ ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು, ಒತ್ತಕ್ಷರ ಬಿಟ್ಟುಹೋಗಿತ್ತು. ಮಾತು ಸರಿಯಾಗೇ ಆಡುತ್ತಿದ್ದ. ಸಂಜೆಯ ಹೊತ್ತಿಗೆ ಮಗನ ಹೆಸರು ಮರೆತಿದ್ದ. ಸಹಿ ಕೆಟ್ಟ ದಿನವೇ ಆಸ್ಪತ್ರೆಗೆ ಫೋನು ಮಾಡಿ. ಈ ಮಂಕು ತಡೆಯಲು ಕೊಡುವ ಲ್ಯಾಕ್ಟುಲೋಸ್ ಸಿರಪ್‌ನಿಂದ ಭೇದಿಯಾಗುತ್ತದೆ ಎಂದು ನಿಲ್ಲಿಸುವವರಿದ್ದಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗಬೇಕೆಂದೇ ಅದನ್ನು ಕೊಡುವುದು.

ಮೂರನೆಯದು, ರಕ್ತದ ವರದಿ. ಮೆಲ್ಡ್ ಅಂಕ ಏರಿದರೆ ಅದು ಪಟ್ಟಿಯಲ್ಲಿ ದಾಖಲಾಗಬೇಕು. ಊರಲ್ಲಿ ಮಾಡಿಸಿದ ವರದಿ ನಿಮ್ಮ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ಕೋಆರ್ಡಿನೇಟರ್‌ಗೆ ಕಳಿಸಿ, ಅಂಕ ಬದಲಾಯಿತೇ ಎಂದು ಕೇಳಿ.

ಜ್ವರ, ಹೊಟ್ಟೆನೋವು, ಕಪ್ಪು ಮಲ ಕಂಡರೆ ಕಾಯಬೇಡಿ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಂದು ನುಂಗಿಸಬೇಡಿ, ಕಿಡ್ನಿ ಕುಸಿಯುತ್ತದೆ.

ಹಂತ 6: ಕರೆ ಬಂದಾಗ

ಕರೆ ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಎರಡು ಪರೀಕ್ಷೆಗಳ ನಡುವಿನ ಆರು ಗಂಟೆ, ದಾನಿಯ ಮನೆಯವರ ಒಪ್ಪಿಗೆ, ಅಪಘಾತವಾಗಿದ್ದರೆ ಪೊಲೀಸರ ಅನುಮತಿ ಎಲ್ಲ ಮುಗಿಯುವಾಗ ಅಪರಾತ್ರಿ ಆಗಿರುತ್ತದೆ. ಆದ್ದರಿಂದ:

- ಮೂರು ಮೊಬೈಲ್ ಸಂಖ್ಯೆ ಕೊಟ್ಟಿರಿ. ಅಪರಿಚಿತ ಸಂಖ್ಯೆಯ ಕರೆಗಳನ್ನು ತಡೆಯುವ ಆ್ಯಪ್ ಇದ್ದರೆ ತೆಗೆಯಿರಿ. ರಾತ್ರಿ ಫೋನು ಸೈಲೆಂಟ್‌ನಲ್ಲಿ ಇಡಬೇಡಿ.
- ಕರೆ ಬಂದ ಕ್ಷಣದಿಂದ ರೋಗಿಗೆ ನೀರೂ ಸೇರಿದಂತೆ ಏನು ಕೊಡಬೇಕು, ಏನು ಬೇಡ ಎಂದು ಅದೇ ಕರೆಯಲ್ಲಿ ಕೇಳಿ.
- ಫೈಲು, ಆಧಾರ್, ಬಿಪಿಎಲ್ ಕಾರ್ಡು, ಬಟ್ಟೆ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.
- ಶಿವಮೊಗ್ಗ, ಕಲಬುರಗಿಯಂಥ ದೂರದಲ್ಲಿದ್ದರೆ ಎಷ್ಟು ಗಂಟೆಯೊಳಗೆ ತಲುಪಬೇಕು ಎಂದು ಮೊದಲೇ ತಿಳಿದು, ರಾತ್ರಿ ಬರಬಲ್ಲ ಕಾರಿನ ಚಾಲಕರೊಬ್ಬರಿಗೆ ಹೇಳಿಟ್ಟಿರಿ.
- ಎರಡು ದಿನದ ಹಿಂದೆ ಜ್ವರ ಬಂದಿದ್ದರೆ ಮುಚ್ಚಿಡಬೇಡಿ.

ಈಗ ಮನಸ್ಸು ಗಟ್ಟಿ ಮಾಡಿಕೊಂಡು ಓದಿ. ಕರೆ ಬಂದ ಮಾತ್ರಕ್ಕೆ ಕಸಿ ಆಗುತ್ತದೆಂದಲ್ಲ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರಿರಲಿ ಎಂದು ಇಬ್ಬರನ್ನು ಕರೆಸುವುದುಂಟು. ದಾನಿಯ ಹೊಟ್ಟೆ ತೆರೆದು ನೋಡಿದಾಗ ಲಿವರ್‌ನಲ್ಲಿ ಕೊಬ್ಬು ವಿಪರೀತವಿದ್ದರೆ ವೈದ್ಯರು ಬೇಡವೆನ್ನುತ್ತಾರೆ. ನಮ್ಮನ್ನು ಮೊದಲ ಸಲ ಬೆಳಗಿನ ಜಾವ ನಾಲ್ಕಕ್ಕೆ ವಾಪಸು ಕಳಿಸಿದರು. ಅಣ್ಣನ ಎದೆ ಹೊಟ್ಟೆಯ ಕೂದಲು ತೆಗೆದು, ಹಸಿರು ಗೌನು ಹಾಕಿಸಿ ಆಗಿತ್ತು. ಆಗ ತುಂಬಾ ಸಿಟ್ಟು ಬಂದಿತ್ತು. ಕೆಟ್ಟ ಅಂಗವನ್ನು ಬೇಡವೆಂದ ಆ ಸರ್ಜನ್‌ಗೆ ಇಂದು ಕೈ ಮುಗಿಯುತ್ತೇನೆ. ವಾಪಸು ಬಂದರೆ ನಿಮ್ಮ ಸರದಿ ತಪ್ಪಿಹೋಗುವುದಿಲ್ಲ.

ಹಂತ 7: ಶಸ್ತ್ರಚಿಕಿತ್ಸೆ ಮತ್ತು ಐಸಿಯು

ದಾನಿಯ ಲಿವರನ್ನು ತಣ್ಣನೆಯ ಸಂರಕ್ಷಕ ದ್ರವದಿಂದ ತೊಳೆದು, ಒಂದರೊಳಗೊಂದು ಚೀಲದಲ್ಲಿಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತರುತ್ತಾರೆ. ಹೊರಗೆ ಅದು ತಡೆಯುವುದು ಸುಮಾರು 12 ಗಂಟೆ, ಎಂಟರೊಳಗಾದರೆ ಒಳ್ಳೆಯದು. ಝೀರೊ ಟ್ರಾಫಿಕ್ ಮಾಡುವುದು ಇದಕ್ಕೇ. 2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನಲ್ಲಿ ಒಂದು ಲಿವರ್ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೊದಲ್ಲೇ ಬಂತು.

ಶಸ್ತ್ರಚಿಕಿತ್ಸೆ 6ರಿಂದ 12 ಗಂಟೆ ಹಿಡಿಯುತ್ತದೆ. ಹಳೆಯದನ್ನು ಬಿಡಿಸಿ ತೆಗೆಯುವುದೇ ಕಷ್ಟದ ಭಾಗ, ಆಮೇಲೆ ರಕ್ತನಾಳಗಳನ್ನೂ ಪಿತ್ತನಾಳವನ್ನೂ ಜೋಡಿಸುತ್ತಾರೆ. ಮೊದಲ ದಿನಗಳಲ್ಲಿ ಲಿವರ್‌ಗೆ ರಕ್ತ ಒಯ್ಯುವ ಅಪಧಮನಿ ತೆರೆದಿದೆಯೇ ಎಂದು ಡಾಪ್ಲರ್ ಸ್ಕ್ಯಾನ್‌ನಲ್ಲಿ ಮತ್ತೆ ಮತ್ತೆ ನೋಡುತ್ತಾರೆ. ಅದು ಮುಚ್ಚಿಕೊಂಡರೆ, ಅಥವಾ ಹೊಸ ಲಿವರ್ ಕೆಲಸವನ್ನೇ ಆರಂಭಿಸದಿದ್ದರೆ, ತುರ್ತು ಪಟ್ಟಿಯಲ್ಲಿ ಮತ್ತೆ ಹೆಸರು ಹಾಕುತ್ತಾರೆ. ಇದು ಅಪರೂಪ, ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆ ತಿಳಿದಿರಬೇಕು. ಎಲ್ಲ ಸರಿಯಿದ್ದರೆ ಎರಡು ಮೂರು ವಾರದಲ್ಲಿ ಮನೆ.

ಹಂತ 8: ಮನೆಗೆ ಬಂದ ಮೇಲೆ

ದೇಹ ಹೊಸ ಅಂಗವನ್ನು ಪರಕೀಯವೆಂದು ದೂಡದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳಿರುತ್ತವೆ. ಮುಖ್ಯವಾದದ್ದು ಟ್ಯಾಕ್ರೊಲಿಮಸ್, 12 ಗಂಟೆಗೊಮ್ಮೆ, ಗಡಿಯಾರ ನೋಡಿ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗಬೇಕು. ರಕ್ತ ಕೊಟ್ಟ ಮೇಲೆ ನುಂಗುವುದು. ಅಭ್ಯಾಸಬಲದಿಂದ ನುಂಗಿಯೇ ಹೋದರೆ ಸಂಖ್ಯೆ ತಪ್ಪು ಬರುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಲಿವರ್ ತಿರಸ್ಕಾರಕ್ಕೆ ದಾರಿಯಾಗುತ್ತದೆ. ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟರೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಚಕ್ಕೋತ ಹಣ್ಣು ತಿನ್ನುವಂತಿಲ್ಲ. ದೇವನಹಳ್ಳಿಯ ಕಡೆಯವರಿಗೆ ಇದು ಕಷ್ಟವೇ, ಆದರೆ ಅದು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ. ಅಮೃತಬಳ್ಳಿ ಕಷಾಯವೂ ಬೇಡ. ತಗ್ಗಿಸಿಟ್ಟ ನಿರೋಧಕ ಶಕ್ತಿಯನ್ನು ಕೆರಳಿಸುವ ಯಾವ "ಇಮ್ಯುನಿಟಿ" ಔಷಧಿಯೂ ಬೇಡ. ಕ್ಷಯದ ರಿಫಾಂಪಿಸಿನ್, ಶಿಲೀಂಧ್ರ ಸೋಂಕಿನ ಮಾತ್ರೆಗಳು ಕೂಡ ಮಟ್ಟವನ್ನು ಅಲುಗಾಡಿಸುತ್ತವೆ. ಊರಿನ ಡಾಕ್ಟರು ಯಾವ ಔಷಧಿ ಬರೆದರೂ ಅದರ ಫೋಟೊ ಕೋಆರ್ಡಿನೇಟರ್‌ಗೆ ಹೋಗಲಿ.

ಮೊದಲ ಮೂರು ತಿಂಗಳು ಕುದಿಸಿ ಆರಿಸಿದ ನೀರು, ಬಿಸಿಯಾದ ಮನೆಯೂಟ. ಹೆಚ್ಚಿಟ್ಟ ಹಣ್ಣು, ಹಸಿ ಕೋಸಂಬರಿ, ಪಾನಿಪುರಿ ಬೇಡ. ಹಳ್ಳಿಯವರಾದರೆ ಕೊಟ್ಟಿಗೆಯ ಕೆಲಸ, ಹುಲ್ಲಿನ ಬಣವೆ ಬಿಚ್ಚುವುದು ಬೇಡ, ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಬೂಷ್ಟು ಇರುತ್ತದೆ. ನೋಡಲು ಬರುವ ಬಂಧುಗಳನ್ನು ಬಾಗಿಲಲ್ಲೇ ತಡೆಯಿರಿ, ಬೇಜಾರಾದರೆ ಆಗಲಿ. ಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣ, ಮೈ ತುರಿಕೆ ಕಂಡರೆ ಅದೇ ದಿನ ಆಸ್ಪತ್ರೆ. ತಿರಸ್ಕಾರ ಎಂಬ ಪದ ಕೇಳಿ ಕುಸಿಯಬೇಡಿ, ಬೇಗ ಸಿಕ್ಕಿಬಿದ್ದರೆ ಬಹಳಷ್ಟು ಸಲ ಸ್ಟೀರಾಯ್ಡ್‌ನಿಂದಲೇ ಹತೋಟಿಗೆ ಬರುತ್ತದೆ. ಮೂರರಿಂದ ಆರು ತಿಂಗಳಲ್ಲಿ ಹೆಚ್ಚಿನವರು ಕೆಲಸಕ್ಕೆ ಮರಳುತ್ತಾರೆ.

ದಾನಿಯ ಮನೆಯವರ ಬಗ್ಗೆ

ಯಾರ ಲಿವರ್ ಎಂದು ಆಸ್ಪತ್ರೆ ಹೇಳುವುದಿಲ್ಲ, ಪತ್ರಿಕೆಯ ಸುದ್ದಿ ಹಿಡಿದು ಹುಡುಕಿಕೊಂಡು ಹೋಗಬೇಡಿ. ಹೆಸರಿಲ್ಲದೆ ಒಂದು ಪತ್ರ ಬರೆದು ತಲುಪಿಸಲು ಸಾಧ್ಯವೇ ಎಂದು ಕೋಆರ್ಡಿನೇಟರ್‌ ಅವರನ್ನು ಕೇಳಬಹುದು.

ಹಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ನಾವು ದಾನಿಗಳಾಗುವುದು ಹೇಗೆ? ನೊಟ್ಟೊ ಜಾಲತಾಣದಲ್ಲಿ ಆಧಾರ್ ಬಳಸಿ ಪ್ರತಿಜ್ಞೆ ಮಾಡಬಹುದು. ಆದರೆ ಐಸಿಯು ಹೊರಗೆ ಆ ಹೊತ್ತಿನಲ್ಲಿ ಒಪ್ಪಿಗೆಗೆ ಸಹಿ ಹಾಕುವವರು ನಿಮ್ಮ ಮನೆಯವರು. 2021ರ ಜೂನ್‌ನಲ್ಲಿ ಬೈಕ್ ಅಪಘಾತದ ನಂತರ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅಂಗಾಂಗ ದಾನಕ್ಕೆ ಮುಂದಾದದ್ದು ಅವರ ಕುಟುಂಬ. ಒಪ್ಪಿಗೆ ಕೊಟ್ಟ ಮೇಲೆ ಅಂಗ ತೆಗೆಯುವ ಖರ್ಚನ್ನು ದಾನಿಯ ಮನೆಯವರಿಂದ ಪಡೆಯುವಂತಿಲ್ಲ, ಹೊಲಿಗೆ ಹಾಕಿದ ದೇಹವನ್ನು ಗೌರವದಿಂದ ಒಪ್ಪಿಸುತ್ತಾರೆ. ಪ್ರತಿಜ್ಞೆಯ ಕಾರ್ಡು ಪರ್ಸಿನಲ್ಲಿಟ್ಟು ಸುಮ್ಮನಾಗಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ, ಗಂಡನಿಗೆ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ.